ಇಪ್ಪತ್ತನೇ ತಾರೀಕಿನ ಲೆಕ್ಕ: ಟೆಕ್ಸಾಸ್‌ನ ಕಂಪ್ಟ್ರೋಲರ್ ಆಫೀಸು ಮತ್ತು ನಮ್ಮ ಅಂಗಡಿ

ಟೆಕ್ಸಾಸ್‌ನಲ್ಲಿ ಅಂಗಡಿ ಹಾಕಬೇಕು ಅಂತಿರುವ ಕನ್ನಡದವರು ಆಗಾಗ ಫೋನ್ ಮಾಡುತ್ತಾರೆ. ಬಾಡಿಗೆ ಎಷ್ಟು, ದೋಸೆ ಹಿಟ್ಟು ದಿನಕ್ಕೆ ಎಷ್ಟು ಡಬ್ಬ ಹೋಗುತ್ತೆ, ಸಾಮಾನು ಎಲ್ಲಿಂದ ತರಿಸುತ್ತೀರಿ ಅಂತೆಲ್ಲ ಕೇಳುತ್ತಾರೆ. ನಾನು ಮೊದಲು ಹೇಳುವ ಮಾತು ಬೇರೆ. ಬ್ಯಾಂಕಿನಲ್ಲಿ ಎರಡು ಖಾತೆ ತೆರೆಯಿರಿ. ಒಂದು ನಿಮ್ಮದು. ಇನ್ನೊಂದರಲ್ಲಿ ಬೀಳುವ ದುಡ್ಡು ರಾಜ್ಯದ್ದು. ಗಿರಾಕಿಯಿಂದ ವಸೂಲಿ ಮಾಡಿದ ಸೇಲ್ಸ್ ಟ್ಯಾಕ್ಸನ್ನು ಸಂಜೆಯೇ ಅಲ್ಲಿಗೆ ಹಾಕಿ, ಆಮೇಲೆ ಅದನ್ನು ಮರೆತುಬಿಡಿ.

ಆ ದುಡ್ಡು ಕೊನೆಗೆ ಹೋಗಿ ಸೇರುವುದು ಆಸ್ಟಿನ್‌ನಲ್ಲಿರುವ ಕಂಪ್ಟ್ರೋಲರ್ ಆಫೀಸಿಗೆ. ಕಂಪ್ಟ್ರೋಲರ್ ಅಂದರೆ ಟೆಕ್ಸಾಸ್ ರಾಜ್ಯದ ಮುಖ್ಯ ಹಣಕಾಸು ಅಧಿಕಾರಿ. ನಮ್ಮವರಿಗೆ ತುಂಬಾ ಆಶ್ಚರ್ಯವಾಗುವ ಸಂಗತಿ ಏನೆಂದರೆ, ಇದು ಜನ ವೋಟು ಹಾಕಿ ಆರಿಸುವ ಹುದ್ದೆ. ಗವರ್ನರ್ ಚುನಾವಣೆ ನಡೆಯುವ ದಿನವೇ, ಅದೇ ಮತಪತ್ರದಲ್ಲಿ, ನಾಲ್ಕು ವರ್ಷಕ್ಕೊಮ್ಮೆ. ಎಷ್ಟು ಸಲ ಬೇಕಾದರೂ ನಿಲ್ಲಬಹುದು.

ಕರ್ನಾಟಕದಲ್ಲಿ ಈ ಕೆಲಸ ಹಲವು ಕಡೆ ಹಂಚಿಹೋಗಿದೆ. ತೆರಿಗೆ ವಸೂಲಿಗೆ ವಾಣಿಜ್ಯ ತೆರಿಗೆ ಇಲಾಖೆ, ಬಜೆಟ್ಟಿಗೆ ಹಣಕಾಸು ಇಲಾಖೆ, ಬಿಲ್ ಪಾವತಿಗೆ ಖಜಾನೆ, ಲೆಕ್ಕಕ್ಕೆ ಮಹಾಲೇಖಪಾಲರ ಕಚೇರಿ. ಇಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಬ್ಬ ಚುನಾಯಿತ ವ್ಯಕ್ತಿಯ ಕೈಕೆಳಗೆ. ತೆರಿಗೆ ಕಟ್ಟಿಸಿಕೊಳ್ಳುವುದು, ದುಡ್ಡನ್ನು ಕಾಪಾಡುವುದು, ರಾಜ್ಯದ ಬಿಲ್ ಪಾವತಿ ಮಾಡುವುದು, ಲೆಕ್ಕ ಇಡುವುದು, ಮುಂದಿನ ಎರಡು ವರ್ಷ ಎಷ್ಟು ಆದಾಯ ಬರುತ್ತೆ ಅಂತ ಅಂದಾಜು ಮಾಡುವುದು ಎಲ್ಲ ಅಲ್ಲೇ. ಮೊದಲು ಖಜಾನೆ ನೋಡಿಕೊಳ್ಳಲು ಸ್ಟೇಟ್ ಟ್ರೆಜರರ್ ಅಂತ ಇನ್ನೊಂದು ಚುನಾಯಿತ ಹುದ್ದೆ ಇತ್ತು. ಮುಂದೆ ಗವರ್ನರ್ ಆದ ಆನ್ ರಿಚರ್ಡ್ಸ್ ಅಲ್ಲೇ ಇದ್ದವರು. 1994ರಲ್ಲಿ ಮಾರ್ಥಾ ವೈಟ್‌ಹೆಡ್ ಅನ್ನುವವರು 'ಈ ಹುದ್ದೆಯೇ ಬೇಡ, ನನ್ನನ್ನು ಗೆಲ್ಲಿಸಿ, ಇದನ್ನು ಮುಚ್ಚಿಸುತ್ತೇನೆ' ಅಂತ ಪ್ರಚಾರ ಮಾಡಿ ಗೆದ್ದರು. ಹೇಳಿದ ಹಾಗೆ ಮಾಡಿಯೂ ತೋರಿಸಿದರು. 1995ರಲ್ಲಿ ಜನ ವೋಟು ಹಾಕಿ ಒಪ್ಪಿದರು, 1996ರಲ್ಲಿ ಆ ಕೆಲಸ ಕಂಪ್ಟ್ರೋಲರ್‌ಗೆ ಸೇರಿತು. ತನ್ನ ಕುರ್ಚಿಯನ್ನು ತಾನೇ ತೆಗೆಸಿದ ರಾಜಕಾರಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಅಂಗಡಿ ಇರುವುದು ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ. ಒಂದು ಕಡೆ ದಿನಸಿ, ದೋಸೆ ಹಿಟ್ಟು, ಚಟ್ನಿಪುಡಿ. ಇನ್ನೊಂದು ಕಡೆ ಬೆಳಗಿನ ತಿಂಡಿಯ ಕೌಂಟರ್. ಶುರುವಿನಲ್ಲೇ ಬೇಕಾದದ್ದು ಸೇಲ್ಸ್ ಟ್ಯಾಕ್ಸ್ ಪರ್ಮಿಟ್. ಇದನ್ನು ಆನ್‌ಲೈನ್‌ನಲ್ಲೇ ಪಡೆಯಬಹುದು, ಶುಲ್ಕ ಇಲ್ಲ. ಹಾಗಾಗಿ 'ಪರ್ಮಿಟ್ ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ' ಅಂತ ಬರುವ ಕಾಗದಗಳನ್ನು ಸುಮ್ನೆ ಕಸದ ಬುಟ್ಟಿಗೆ ಹಾಕಿ. ಪರ್ಮಿಟ್ ಬಂದ ಮೇಲೆ ಅದನ್ನು ಗಿರಾಕಿಗಳಿಗೆ ಕಾಣುವ ಹಾಗೆ ಅಂಗಡಿಯಲ್ಲಿ ತೂಗುಹಾಕಬೇಕು.

ರಾಜ್ಯದ ದರ 6.25%. ಅದು 1990ರಿಂದ ಬದಲಾಗಿಲ್ಲ. 1961ರಲ್ಲಿ ಈ ತೆರಿಗೆ ಶುರುವಾದಾಗ 2% ಇತ್ತು. ಇದರ ಮೇಲೆ ಊರಿನವರು, ಬಸ್ಸು-ರೈಲಿನ ಸಂಸ್ಥೆಯವರು ಒಟ್ಟು 2% ತನಕ ಸೇರಿಸಬಹುದು. ನಮ್ಮಲ್ಲಿ ನಗರಕ್ಕೆ 1%, ಡಾರ್ಟ್ ಸಾರಿಗೆಗೆ 1%, ಒಟ್ಟು 8.25%. ಎಲ್ಲವನ್ನೂ ಕಂಪ್ಟ್ರೋಲರ್‌ಗೇ ಕಟ್ಟುತ್ತೇವೆ. ನಗರದ ಪಾಲನ್ನು ಅವರೇ ತಿಂಗಳು ತಿಂಗಳು ಹಂಚುತ್ತಾರೆ. ಟೆಕ್ಸಾಸ್‌ನಲ್ಲಿ ಜನರ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ರಾಜ್ಯಕ್ಕೆ ಬರುವ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಅಂಗಡಿ ಕೌಂಟರುಗಳಿಂದಲೇ ಹೋಗುವುದು. ಅದಕ್ಕೇ ಈ ಆಫೀಸಿಗೆ ನಮ್ಮಂಥವರ ಮೇಲೆ ಅಷ್ಟು ಕಣ್ಣು.

ಕಷ್ಟ ಇರುವುದು ದರದಲ್ಲಲ್ಲ, ಯಾವುದಕ್ಕೆ ತೆರಿಗೆ ಇದೆ, ಯಾವುದಕ್ಕೆ ಇಲ್ಲ ಅನ್ನುವುದರಲ್ಲಿ. ಅಕ್ಕಿ, ಬೇಳೆ, ತುಪ್ಪ, ಸಾಂಬಾರ ಪದಾರ್ಥ, ತರಕಾರಿ, ಹಾಲು ಇವಕ್ಕೆ ತೆರಿಗೆ ಇಲ್ಲ. ಡಬ್ಬದ ದೋಸೆ ಹಿಟ್ಟಿಗೆ ಇಲ್ಲ. ಅದೇ ಹಿಟ್ಟನ್ನು ಕಾವಲಿ ಮೇಲೆ ಹುಯ್ದು ಬಿಸಿ ದೋಸೆ ಮಾಡಿ ಕೊಟ್ಟರೆ 8.25%. ಕಾಫಿಪುಡಿಗೆ ಇಲ್ಲ, ಲೋಟದ ಕಾಫಿಗೆ ಇದೆ. ನೀರಿನ ಬಾಟಲಿಗೆ ಇಲ್ಲ, ಕೋಲಾಕ್ಕೆ ಇದೆ. ಖಾರದ ಕಡಲೆಕಾಯಿಯ ದೊಡ್ಡ ಪ್ಯಾಕೆಟ್ಟಿಗೆ ಇಲ್ಲ, ಒಬ್ಬರು ತಿಂದು ಮುಗಿಸುವ ಪುಟ್ಟ ಪ್ಯಾಕೆಟ್ಟಿಗೆ ಇದೆ. ಅದರ ಗೆರೆ ಎರಡೂವರೆ ಔನ್ಸ್. ಕಡಲೆಮಿಠಾಯಿ ಕ್ಯಾಂಡಿ ಲೆಕ್ಕಕ್ಕೆ ಬರುತ್ತೆ, ತೆರಿಗೆ ಹಾಕಬೇಕು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಬಿಲ್ ನೋಡಬೇಕು. ತೆಂಗಿನಕಾಯಿಗೆ ತೆರಿಗೆ ಇಲ್ಲ. ಕರ್ಪೂರಕ್ಕೆ ಇದೆ. ಬಾಳೆಹಣ್ಣಿಗೆ ಇಲ್ಲ, ಹೂವಿಗೆ ಇದೆ. ಅರಿಶಿನ ಸಾಂಬಾರ ಪದಾರ್ಥ, ಹಾಗಾಗಿ ಇಲ್ಲ. ಕುಂಕುಮ ತಿನ್ನುವ ವಸ್ತು ಅಲ್ಲ, ಹಾಗಾಗಿ ಇದೆ. 'ಅರಿಶಿನ-ಕುಂಕುಮನೂ ಬೇರೆ ಮಾಡಿಬಿಟ್ರಾ?' ಅಂತ ಒಬ್ಬ ಅಜ್ಜಿ ಕೇಳಿದರು. ನಾನೇನು ಮಾಡಲಿ ಅಮ್ಮಾ, ಆಸ್ಟಿನ್‌ನವರು ಮಾಡಿದ್ದು ಅಂದೆ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಲು ಆಗಲ್ಲ. ಬಿಲ್ಲಿಂಗ್ ಮಷಿನ್‌ನಲ್ಲಿ ಪ್ರತಿ ಸಾಮಾನಿಗೂ ತೆರಿಗೆ ಇದೆ/ಇಲ್ಲ ಅಂತ ಮೊದಲೇ ಗುರುತು ಹಾಕಿಡಬೇಕು. ನನ್ನ ಹೆಂಡತಿ ಅಂಗಡಿ ತೆರೆಯುವ ಮುಂಚೆಯೇ ಕೂತು ಇಡೀ ಪಟ್ಟಿಗೆ ಗುರುತು ಹಾಕಿದಳು. ಹೊಸ ಸಾಮಾನು ಬಂದರೆ ಶೆಲ್ಫಿಗೆ ಹೋಗುವ ಮುಂಚೆ ಅವಳ ಕಣ್ಣಿಗೆ ಬೀಳಬೇಕು. ಅನುಮಾನ ಬಂದರೆ ಪಕ್ಕದ ಅಂಗಡಿಯವರನ್ನು ಕೇಳುವುದಿಲ್ಲ. ಕಂಪ್ಟ್ರೋಲರ್ ಆಫೀಸು ತನ್ನ ಹಳೆಯ ನಿರ್ಣಯಗಳನ್ನು, ಪತ್ರಗಳನ್ನು 'ಸ್ಟಾರ್' ಅನ್ನುವ ಹುಡುಕುವ ವ್ಯವಸ್ಥೆಯಲ್ಲಿ ಎಲ್ಲರಿಗೂ ಇಟ್ಟಿದೆ. ಅಲ್ಲಿ ಸಿಗದಿದ್ದರೆ ಬರವಣಿಗೆಯಲ್ಲಿ ಕೇಳುತ್ತೇವೆ. ಫೋನಿನಲ್ಲೂ ಹೇಳುತ್ತಾರೆ, ಒಳ್ಳೆಯದಾಗಿಯೇ ಮಾತಾಡುತ್ತಾರೆ. ಆದರೆ ನಾಳೆ ಆಡಿಟರ್ ಬಂದಾಗ ಫೋನಿನ ಮಾತನ್ನು ಮೇಜಿನ ಮೇಲೆ ಇಡಲು ಆಗುವುದಿಲ್ಲ, ಪತ್ರವನ್ನು ಇಡಬಹುದು.

ಇನ್ನು ರಿಟರ್ನ್. ಹಿಂದಿನ ತಿಂಗಳ ಲೆಕ್ಕವನ್ನು 20ನೇ ತಾರೀಕಿನೊಳಗೆ ವೆಬ್‌ಫೈಲ್ ಅನ್ನುವ ಕಂಪ್ಟ್ರೋಲರ್ ಆಫೀಸಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. ತೆರಿಗೆ ಕಡಿಮೆ ಇದ್ದರೆ ಮೂರು ತಿಂಗಳಿಗೊಮ್ಮೆ. ವ್ಯಾಪಾರ ಸೊನ್ನೆ ಆದರೂ ಸೊನ್ನೆ ಅಂತ ಹೇಳಬೇಕು. ತಡವಾದರೆ 50 ಡಾಲರ್ ದಂಡ. ಅದರ ಜೊತೆ ಬಾಕಿ ತೆರಿಗೆಯ ಮೇಲೆ 5%, ಒಂದು ತಿಂಗಳು ದಾಟಿದರೆ 10%. ಸರಿಯಾದ ಹೊತ್ತಿಗೆ ಸಲ್ಲಿಸಿ ಕಟ್ಟಿದರೆ ತೆರಿಗೆಯಲ್ಲಿ ಅರ್ಧ ಪರ್ಸೆಂಟ್ ನಮಗೇ ಬಿಡುತ್ತಾರೆ. ಸಾವಿರಕ್ಕೆ ಐದು ಡಾಲರ್. ಜಾಸ್ತಿ ಏನಲ್ಲ, ಆದರೆ ರಾಜ್ಯದ ಪರವಾಗಿ ವಸೂಲಿ ಮಾಡುವ ಗುಮಾಸ್ತನಿಗೆ ಅಷ್ಟಾದರೂ ಸಂಬಳ ಬೇಡವಾ?

ಎರಡು ಖಾತೆ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಈ ತೆರಿಗೆ ನಮ್ಮ ಕೈಯಲ್ಲಿ ಬರೀ ನಂಬಿಕೆಯ ಮೇಲೆ ಇರುವ ದುಡ್ಡು. ಅದನ್ನು ಬಾಡಿಗೆಗೋ ಸಂಬಳಕ್ಕೋ ಬಳಸಿಬಿಟ್ಟರೆ ಕಂಪನಿ ಮುಳುಗಿದರೂ ಸಾಲ ಮುಳುಗುವುದಿಲ್ಲ. ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿ ಇರುವ ಕಂಪನಿ) ಇದೆ, ನನಗೇನೂ ಆಗಲ್ಲ ಅನ್ನುವವರು ಇದ್ದಾರೆ. ದುಡ್ಡಿನ ಜವಾಬ್ದಾರಿ ಹೊತ್ತವನ ಸ್ವಂತ ಆಸ್ತಿಯ ತನಕ ಇದು ಬರುತ್ತೆ. 1970ರ ದಶಕದಲ್ಲಿ ಬಾಬ್ ಬುಲಕ್ ಕಂಪ್ಟ್ರೋಲರ್ ಆಗಿದ್ದಾಗ ಬಾಕಿ ಉಳಿಸಿಕೊಂಡವರ ಅಂಗಡಿಗೆ ತಂಡ ಕಳಿಸಿ ಬಾಗಿಲು ಹಾಕಿಸುತ್ತಿದ್ದರು. ಆ ತಂಡಕ್ಕೆ 'ಬುಲಕ್ಸ್ ರೇಡರ್ಸ್' ಅಂತಲೇ ಹೆಸರು ಬಿದ್ದಿತ್ತು. ಚುನಾಯಿತ ಮನುಷ್ಯ ತೆರಿಗೆ ವಸೂಲಿಯಲ್ಲಿ ಮೆತ್ತಗಿರುತ್ತಾನೆ ಅಂದುಕೊಳ್ಳಬೇಡಿ. ತೆರಿಗೆ ಕಟ್ಟುವವರ ವೋಟೇ ಜಾಸ್ತಿ ಅಲ್ವಾ!

ನಮ್ಮ ಅಂಗಡಿಗೂ ಆಡಿಟ್ ಬಂತು. ನಾಲ್ಕು ವರ್ಷದ ದಾಖಲೆ ಇಟ್ಟಿರಬೇಕು ಅನ್ನುವುದು ನಿಯಮ. ಮಾರಿದ್ದರ ಲೆಕ್ಕ ಕೇಳುತ್ತಾರೆ ಅಂದುಕೊಂಡಿದ್ದೆ. ಆಡಿಟರ್ ಮೊದಲು ಕೇಳಿದ್ದು ಕೊಂಡದ್ದರ ಬಿಲ್ಲು. ಆಮೇಲೆ ಯೋಚಿಸಿದರೆ ಅದೇ ಸರಿಯಾದ ದಾರಿ. ಅಗರಬತ್ತಿ, ಕೋಲಾ, ಕರ್ಪೂರ ಇಷ್ಟು ತರಿಸಿದ್ದೀರಿ, ಇಷ್ಟು ಲಾಭ ಇಟ್ಟು ಮಾರಿದರೆ ತೆರಿಗೆ ಬೀಳುವ ವ್ಯಾಪಾರ ಇಷ್ಟಾಗಬೇಕಿತ್ತು, ನೀವು ತೋರಿಸಿದ್ದು ಎಷ್ಟು? ಲೆಕ್ಕ ತಾಳೆಯಾಗದಿದ್ದರೆ ಅಲ್ಲಿಂದ ಪ್ರಶ್ನೆ ಶುರು. ನಾವು ಪ್ರತಿ ಸಗಟು ವ್ಯಾಪಾರಿಯ ಬಿಲ್ಲನ್ನೂ ತಿಂಗಳ ಪ್ರಕಾರ ಇಟ್ಟಿದ್ದೆವು. ಅವರಿಗೆ ಕೊಟ್ಟ ರೀಸೇಲ್ ಸರ್ಟಿಫಿಕೇಟಿನ ಪ್ರತಿಯೂ ಇತ್ತು. ಮರುಮಾರಾಟದ ಸಾಮಾನಿಗೆ ನಾವು ತೆರಿಗೆ ಕಟ್ಟಬೇಕಿಲ್ಲ ಅನ್ನುವುದಕ್ಕೆ ಆ ಒಂದು ಹಾಳೆಯೇ ಆಧಾರ.

ಆಡಿಟ್‌ನಲ್ಲಿ ಹೊಸಬರು ಸಿಕ್ಕಿಬೀಳುವುದು ಯೂಸ್ ಟ್ಯಾಕ್ಸ್‌ನಲ್ಲಿ. ಕೌಂಟರಿಗೆ ಅಂತ ಬೆಂಗಳೂರಿನಿಂದ ಸ್ಟೀಲ್ ತಟ್ಟೆ, ಲೋಟ ತರಿಸಿದೆವು. ಅಲ್ಲಿನ ಅಂಗಡಿಯವರು ಟೆಕ್ಸಾಸ್ ತೆರಿಗೆ ಹಾಕುವುದಿಲ್ಲ, ಸಹಜ. ಆದರೆ ಅದು ಮಾರಲು ತಂದದ್ದಲ್ಲ, ನಾವೇ ಬಳಸಲು ತಂದದ್ದು. ಹಾಗಾಗಿ 8.25% ನಾವೇ ನಮ್ಮ ರಿಟರ್ನ್‌ನಲ್ಲಿ ಸೇರಿಸಿ ಕಟ್ಟಬೇಕು. ರಿಟರ್ನ್‌ನಲ್ಲಿ ಅದಕ್ಕೆ ಬೇರೆ ಸಾಲೇ ಇದೆ. ಯಾವಾಗಲೂ ಅಲ್ಲಿ ಸೊನ್ನೆ ಇರುವ ಅಂಗಡಿಯನ್ನು ಯಾವ ಆಡಿಟರ್ ನಂಬುತ್ತಾರೆ?

ಫ್ರಾಂಚೈಸ್ ಟ್ಯಾಕ್ಸ್, ಅಂದರೆ ಕಂಪನಿಗಳ ಮೇಲೆ ರಾಜ್ಯ ಹಾಕುವ ತೆರಿಗೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಣ್ಣ ಅಂಗಡಿಗಳಿಗೆ ಅದು ಬರುವುದೇ ಅಪರೂಪ. 2024 ಮತ್ತು 2025ರ ವರದಿಗಳಿಗೆ ವರ್ಷದ ಆದಾಯ 24.7 ಲಕ್ಷ ಡಾಲರ್ ತನಕ ತೆರಿಗೆ ಇರಲಿಲ್ಲ. ಆದರೂ ಮೇ 15ರೊಳಗೆ ಕಂಪನಿಯ ಮಾಲೀಕರು ಯಾರು ಅನ್ನುವ ವರದಿ ಕೊಡಬೇಕು. ಕೊಡದೆ ಬಿಟ್ಟರೆ ವ್ಯವಹಾರ ಮಾಡುವ ಹಕ್ಕೇ ಹೋಗಬಹುದು.

ವಾರಸುದಾರರಿಲ್ಲದ ದುಡ್ಡು ಅಂತ ಇನ್ನೊಂದು ವಿಭಾಗ ಇದೇ ಆಫೀಸಿನಲ್ಲಿದೆ. ಗಿರಾಕಿಗಳಿಗೆ ನಾನು ಹೇಳುವುದು, ಒಮ್ಮೆ ಕೂತು ನಿಮ್ಮ ಹೆಸರು, ಹಳೆಯ ವಿಳಾಸ ಹಾಕಿ ಅವರ ಸೈಟಿನಲ್ಲಿ ಹುಡುಕಿ ಅಂತ. ಅಪಾರ್ಟ್‌ಮೆಂಟಿನ ಡಿಪಾಸಿಟ್ಟು, ಕರೆಂಟ್ ಕಂಪನಿಯ ಬಾಕಿ ಹೀಗೆ ಏನಾದರೂ ಇರಬಹುದು. ವಾಪಸ್ ಪಡೆಯಲು ಖರ್ಚಿಲ್ಲ, ಕಾಲದ ಗಡುವೂ ಇಲ್ಲ. ಮಾಲೀಕರಿಗೆ ಇದರ ಇನ್ನೊಂದು ಮುಖ ಇದೆ. ಕೌಂಟರಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಕೊನೆಯ ಸಂಬಳದ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಬೇರೆ ರಾಜ್ಯಕ್ಕೆ ಹೋಗಿಬಿಟ್ಟ. ಫೋನಿಗೂ ಸಿಗಲಿಲ್ಲ. ಸಂಬಳದ ದುಡ್ಡು ಒಂದು ವರ್ಷ ಹಾಗೇ ಬಿದ್ದಿದ್ದರೆ ಅದನ್ನು ನಾವು ಇಟ್ಟುಕೊಳ್ಳುವ ಹಾಗಿಲ್ಲ, ಜುಲೈ 1ರ ಗಡುವಿನೊಳಗೆ ಅವನ ಹೆಸರಿನಲ್ಲಿ ಕಂಪ್ಟ್ರೋಲರ್‌ಗೆ ಒಪ್ಪಿಸಬೇಕು. ಒಪ್ಪಿಸಿದೆವು. ಅದು ಈಗ ಅವನ ಹೆಸರಿನಲ್ಲೇ ಅಲ್ಲಿದೆ.

ಕನ್ನಡ ಸಂಘದವರಿಗೂ ಒಂದು ಮಾತು. ಫೆಡರಲ್ ಸರ್ಕಾರದಿಂದ 501(ಸಿ)(3), ಅಂದರೆ ಲಾಭಕ್ಕಲ್ಲದ ಸಂಸ್ಥೆ ಅನ್ನುವ ತೆರಿಗೆ ವಿನಾಯಿತಿ, ಸಿಕ್ಕಿದ ಮಾತ್ರಕ್ಕೆ ನಮ್ಮಲ್ಲಿ ತೆರಿಗೆ ಇಲ್ಲದೆ ಕೊಳ್ಳಲು ಆಗುವುದಿಲ್ಲ. ಟೆಕ್ಸಾಸ್‌ನಲ್ಲಿ ಬೇರೆಯಾಗಿ ವಿನಾಯಿತಿ ಪಡೆದು, ಅದರ ಸರ್ಟಿಫಿಕೇಟ್ ನಮಗೆ ಕೊಡಬೇಕು. ಸಂಘದ ಖಜಾಂಚಿ ಬಂದು 'ರಾಜ್ಯೋತ್ಸವದ ಊಟದ ಸಾಮಾನು, ಟ್ಯಾಕ್ಸ್ ತೆಗೀರಿ ಸಾರ್' ಅಂದರೆ ನಾನು ತೆಗೆಯಲ್ಲ. ನಂತರ ಆಡಿಟರ್‌ಗೆ ಉತ್ತರ ಹೇಳಬೇಕಾದವನು ನಾನು. ಇನ್ನೊಂದು ಅನುಕೂಲ ಹಲವು ಸಂಘಗಳಿಗೆ ಗೊತ್ತೇ ಇಲ್ಲ. ಇಂಥ ಸಂಸ್ಥೆಗಳು ವರ್ಷಕ್ಕೆ ಎರಡು ಸಲ ಒಂದು ದಿನದ ಮಾರಾಟವನ್ನು ತೆರಿಗೆ ಇಲ್ಲದೆ ನಡೆಸಬಹುದು. ಯುಗಾದಿಗೊಂದು, ದೀಪಾವಳಿಗೊಂದು ತಿಂಡಿ ಮೇಳಕ್ಕೆ ಸಾಕು.

ಇಷ್ಟೂ ನಮ್ಮ ಕೌಂಟರಿನ ಮಟ್ಟದ ಮಾತು. ಮೇಲಿನ ಮಟ್ಟದಲ್ಲಿ ಕಂಪ್ಟ್ರೋಲರ್ ಕೈಯಲ್ಲಿ ಇರುವ ದೊಡ್ಡ ಆಯುಧ ಒಂದು ಅಂಕಿ. ಟೆಕ್ಸಾಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದ ಜನವರಿಯಲ್ಲಿ, 140 ದಿನ ಸೇರುತ್ತೆ. ಅದಕ್ಕೆ ಮುಂಚೆ ಕಂಪ್ಟ್ರೋಲರ್ ಮುಂದಿನ ಎರಡು ವರ್ಷದ ಆದಾಯದ ಅಂದಾಜು ಹೇಳಬೇಕು. ಬಜೆಟ್ ಪಾಸಾದ ಮೇಲೂ ಇಷ್ಟು ದುಡ್ಡು ಇದೆ ಅಂತ ಅವರು ದೃಢೀಕರಿಸಬೇಕು. ಅದಿಲ್ಲದೆ ಖರ್ಚು ಮಾಡಬೇಕಾದರೆ ಎರಡೂ ಸದನದಲ್ಲಿ ಐದರಲ್ಲಿ ನಾಲ್ಕು ಭಾಗ ವೋಟು ಬೇಕು. 1942ರಿಂದ ಸಂವಿಧಾನದಲ್ಲೇ ಇದೆ. 2023ರ ಜನವರಿಯಲ್ಲಿ ಆಗಿನ ಕಂಪ್ಟ್ರೋಲರ್ ಗ್ಲೆನ್ ಹೆಗರ್ 32.7 ಬಿಲಿಯನ್ ಡಾಲರ್ ಉಳಿತಾಯ ಇದೆ ಅಂದರು, ಇಡೀ ಅಧಿವೇಶನ ಅದರ ಸುತ್ತಲೇ ಸುತ್ತಿತು. 2003ರಲ್ಲಿ ಕ್ಯಾರೊಲ್ ಕೀಟನ್ ಸ್ಟ್ರೇಹಾರ್ನ್ 9.9 ಬಿಲಿಯನ್ ಕೊರತೆ ಅಂದಾಗ ಕತ್ತರಿ ಹೊರಬಂದಿತ್ತು. 2011ರಲ್ಲಿ ಸೂಸನ್ ಕೂಂಬ್ಸ್ ಕೊಟ್ಟ ಅಂದಾಜು ತುಂಬಾ ಕಡಿಮೆಯಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಶಾಲೆಗಳ ದುಡ್ಡು ಕಡಿತ ಆಗಿಹೋಗಿತ್ತು. ಒಬ್ಬರ ಎಚ್ಚರಿಕೆಗೂ ಬೆಲೆ ಇದೆ, ಅದನ್ನು ಬೇರೆಯವರು ಕಟ್ಟುತ್ತಾರೆ.

ಹೆಗರ್ 2025ರ ಜುಲೈನಲ್ಲಿ ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯ ವ್ಯವಸ್ಥೆಯ ಚಾನ್ಸಲರ್ ಆಗಿ ಹೋದರು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಜಾನ್ ಶಾರ್ಪ್ ಕೂಡ ಹಳೆಯ ಕಂಪ್ಟ್ರೋಲರ್! ಕೆಲ್ಲಿ ಹ್ಯಾನ್‌ಕಾಕ್ ಹಂಗಾಮಿಯಾಗಿ ಬಂದರು. 2026ರ ನವೆಂಬರ್ ಚುನಾವಣೆಯಲ್ಲಿ ಈ ಹುದ್ದೆಯೂ ಇದೆ. ನಮ್ಮ ಗಿರಾಕಿಗಳಲ್ಲಿ ಎಚ್-1ಬಿ, ಗ್ರೀನ್ ಕಾರ್ಡಿನವರು ತುಂಬಾ. ಅವರೂ ದಿನಾ ತೆರಿಗೆ ಕಟ್ಟುತ್ತಾರೆ, ವೋಟು ಮಾತ್ರ ಇಲ್ಲ. ಇರುವವರಾದರೂ ಮತಪತ್ರದಲ್ಲಿ ಗವರ್ನರ್ ಹೆಸರಿಗೆ ನಿಲ್ಲಿಸದೆ ಕೆಳಗೆ ಬನ್ನಿ. ಹೊಸ ಕಾನೂನಿನ ಪ್ರಕಾರ ಖಾಸಗಿ ಶಾಲೆಗೆ ಸಹಾಯಧನ ಕೊಡುವ ನೂರು ಕೋಟಿ ಡಾಲರ್ ಯೋಜನೆಯನ್ನೂ ಈ ಆಫೀಸೇ ನಡೆಸಬೇಕು, ಹಾಗಾಗಿ ಪ್ರಚಾರದಲ್ಲಿ ಅದರ ಮಾತು ಬಂದೇ ಬರುತ್ತೆ. ನಾನು ನೋಡುವುದು ಎರಡೇ. ಆದಾಯದ ಅಂದಾಜನ್ನು ಹೇಗೆ ಮಾಡುತ್ತೀರಿ ಅಂತ ಯಾರು ಬಿಡಿಸಿ ಹೇಳುತ್ತಾರೆ, ಸಣ್ಣ ಅಂಗಡಿಯವನು ಬರೆದ ಪತ್ರಕ್ಕೆ ಎಷ್ಟು ದಿನದಲ್ಲಿ ಉತ್ತರ ಕೊಡುತ್ತೇನೆ ಅಂತ ಯಾರು ಹೇಳುತ್ತಾರೆ. ಯಾವ ಭಾಷಣದಲ್ಲಾದರೂ ಇದು ನಿಮ್ಮ ಕಿವಿಗೆ ಬಿದ್ದರೆ ನನಗೂ ತಿಳಿಸಿ, ನಾನಂತೂ ಇನ್ನೂ ಕೇಳಿಲ್ಲ.