ಸ್ಟುಟ್‌ಗಾರ್ಟಿನಲ್ಲಿ ಫ್ಲ್ಯಾಟ್ ಕೊಳ್ಳುವ ಹಾಸನದವರಿಗೆ: ಮನೆಗಿಂತ ಮೊದಲು ಕಟ್ಟಡದ ಕಾಗದ

ನಮ್ಮ ಹಾಸನದ ಕಡೆ ಆಸ್ತಿ ಎಂದರೆ ಸೈಟು. ಚಕ್ಕುಬಂದಿ ಸರಿಯಿದೆಯೇ, ಖಾತೆ ಯಾರ ಹೆಸರಿನಲ್ಲಿದೆ, ಇಸಿಯಲ್ಲಿ ಸಾಲ ಕಾಣುತ್ತದೆಯೇ, ಇಷ್ಟು ನೋಡಿದರೆ ಅರ್ಧ ಕೆಲಸ ಮುಗಿಯಿತು. ಜರ್ಮನಿಯಲ್ಲೇ ನೆಲೆಸುವುದೆಂದು ತೀರ್ಮಾನಿಸಿ ಸ್ಟುಟ್‌ಗಾರ್ಟ್ ಬಳಿ ಫ್ಲ್ಯಾಟ್ ಕೊಂಡಾಗ ನಾನು ನೋಡಬೇಕಾಗಿ ಬಂದದ್ದು ಬೇರೆಯೇ ಕಾಗದಗಳನ್ನು. ಅಲ್ಲಿ ಕೈಗೆ ಬರುವುದು ಫ್ಲ್ಯಾಟಿನ ಒಳಜಾಗ, ಜೊತೆಗೆ ಇಡೀ ಕಟ್ಟಡ ಮತ್ತು ನೆಲದಲ್ಲಿ ಒಂದು ಪಾಲು. ಸಾವಿರಕ್ಕೆ 62 ಎಂದು ಬರೆದಿದ್ದರೆ, ಚಾವಣಿ ಸೋರಿದಾಗ ಖರ್ಚಿನಲ್ಲೂ ಸಾಮಾನ್ಯವಾಗಿ ಸಾವಿರಕ್ಕೆ 62 ನಿಮ್ಮದು.

ಮನೆ ಕೊಂಡರೆ ವೀಸಾ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದ್ದರೆ ಬಿಟ್ಟುಬಿಡಿ. ವಿದೇಶಿಯರು ಮನೆ ಕೊಳ್ಳಲು ಜರ್ಮನಿಯಲ್ಲಿ ತಡೆಯಿಲ್ಲ. ಆದರೆ ಆಸ್ತಿಯಿಂದ ವಾಸದ ಹಕ್ಕು ಹುಟ್ಟುವುದಿಲ್ಲ. ನುರಿತ ಉದ್ಯೋಗಿಗಳ ವಾಸ ಪರವಾನಗಿಯಾದ ಬ್ಲೂ ಕಾರ್ಡ್ ಇದ್ದವರಿಗೆ ಕಾಯಂ ಪರವಾನಗಿ 27 ತಿಂಗಳಿಗೆ, ಜರ್ಮನ್ ಭಾಷೆ ಬಿ1 ಮಟ್ಟಕ್ಕೆ ಬಂದಿದ್ದರೆ 21 ತಿಂಗಳಿಗೆ ಸಿಗುತ್ತದೆ. ಅದು ಕೈಗೆ ಬಂದ ಮೇಲೆ ಬ್ಯಾಂಕಿನ ಸಾಲದ ಮಾತುಕತೆ ಸುಲಭ. ಅಲ್ಲಿಯವರೆಗೆ ಕಾಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಮೊದಲು ಓದಬೇಕಾದದ್ದು ಟೈಲುಂಗ್ಸ್‌ಎರ್ಕ್ಲೇರುಂಗ್. ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಾಯಿಸುವ ಡೀಡ್ ಆಫ್ ಡಿಕ್ಲರೇಶನ್ ಮಾಡುವ ಕೆಲಸವನ್ನೇ ಇದು ಅಲ್ಲಿ ಮಾಡುತ್ತದೆ. ಯಾವುದು ನಿಮ್ಮ ಸ್ವಂತದ್ದು, ಯಾವುದು ಎಲ್ಲರದ್ದು, ಖರ್ಚು ಹೇಗೆ ಹಂಚಬೇಕು ಎಂಬುದೆಲ್ಲ ಇದರಲ್ಲಿದೆ. ಕಿಟಕಿಗಳು, ಫ್ಲ್ಯಾಟಿನ ಮುಂಬಾಗಿಲು, ಬಾಲ್ಕನಿಯ ಕಾಂಕ್ರೀಟು, ಭಾರ ಹೊರುವ ಗೋಡೆ ಇವೆಲ್ಲ ಎಲ್ಲರ ಆಸ್ತಿ. ಹಳೆಯ ಕಿಟಕಿ ತೆಗೆದು ಹೊಸದು ಹಾಕಿಸುತ್ತೇನೆಂದು ನೀವೊಬ್ಬರೇ ನಿರ್ಧರಿಸುವಂತಿಲ್ಲ. ಮಾಲೀಕರ ಸಭೆ ಒಪ್ಪಬೇಕು. ನೆಲಮಹಡಿಯ ಫ್ಲ್ಯಾಟಿನ ಜೊತೆ ‘ತೋಟವೂ ಇದೆ’ ಎಂದು ಜಾಹೀರಾತಿನಲ್ಲಿದ್ದರೆ, ಸಾಮಾನ್ಯವಾಗಿ ಅದು ಬಳಸುವ ಹಕ್ಕು ಮಾತ್ರ. ಆ ಹಕ್ಕಾದರೂ ಈ ಪತ್ರದಲ್ಲಿ ಬರೆದಿದೆಯೇ ನೋಡಿಕೊಳ್ಳಿ.

ಎರಡನೆಯದು ಕಳೆದ ಮೂರು ವರ್ಷಗಳ ಸಭೆಯ ನಡಾವಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಕಾಗದ ಇದು. ಚಾವಣಿ, ಹೊರಗೋಡೆ, ಬಾಯ್ಲರು, ಕೊಳವೆ, ಲಿಫ್ಟು ಇವುಗಳ ಮಾತು ಬಂದ ಕಡೆಯೆಲ್ಲ ಗುರುತು ಹಾಕಿಕೊಳ್ಳಿ. ಒಂದೇ ವಿಷಯ ವರ್ಷ ವರ್ಷವೂ ‘ಮುಂದೂಡಲಾಗಿದೆ’ ಎಂದಿದ್ದರೆ ಆ ಖರ್ಚು ನಿಮ್ಮ ಕಾಲಕ್ಕೆ ಬರುತ್ತದೆ. ಮಾಸಿಕ ಹಣ ಕಟ್ಟದ ಮಾಲೀಕರ ಮೇಲೆ ಕೇಸು ನಡೆಯುತ್ತಿದೆಯೇ ಎಂಬುದೂ ಇಲ್ಲೇ ಸಿಗುತ್ತದೆ. ನಡಾವಳಿ ಕೊಡಲು ಮಾರುವವರು ಸತಾಯಿಸಿದರೆ ಆ ಮನೆಯನ್ನು ಕೈಬಿಡಿ.

ಮೂರನೆಯದು ಹಣದ ಲೆಕ್ಕ. ಕಟ್ಟಡದ ನಿರ್ವಹಣೆಗೆಂದು ಪ್ರತಿ ತಿಂಗಳು ಕಟ್ಟುವ ಹೌಸ್‌ಗೆಲ್ಡ್ ಕಡಿಮೆಯಿದೆ ಎಂಬುದನ್ನೇ ದಲ್ಲಾಳಿಗಳು ದೊಡ್ಡ ಗುಣವೆಂದು ಹೇಳುತ್ತಾರೆ. ದುರಸ್ತಿ ನಿಧಿಗೆ ಏನೂ ಹಾಕದೆ ಇದ್ದರೂ ಅದು ಕಡಿಮೆಯೇ ಇರುತ್ತದೆ. ನಿಧಿ ಸಾಕೇ ಎಂದು ನೋಡಲು ಪೀಟರ್ಸ್ ಸೂತ್ರ ಬಳಸಿದೆ: ಚದರ ಮೀಟರಿನ ನಿರ್ಮಾಣ ವೆಚ್ಚವನ್ನು 1.5ರಿಂದ ಗುಣಿಸಿ, 80 ವರ್ಷಕ್ಕೆ ಭಾಗಿಸಿ, ಅದರಲ್ಲಿ ಶೇ. 70ನ್ನು ಎಲ್ಲರಿಗೂ ಸೇರಿದ ಭಾಗಕ್ಕೆಂದು ತೆಗೆಯುವುದು. ವೆಚ್ಚ 2,000 ಯೂರೋ ಎಂದಿಟ್ಟುಕೊಂಡರೆ ವರ್ಷಕ್ಕೆ ಚದರ ಮೀಟರಿಗೆ 26.25 ಯೂರೋ, 75 ಚದರ ಮೀಟರಿನ ಮನೆಗೆ ಸುಮಾರು 1,970. ಇದು ತುಸು ಧಾರಾಳದ ಲೆಕ್ಕ. ಆದರೂ ವಾಸ್ತವದ ಮೊತ್ತ ಇದರ ಕಾಲುಭಾಗವೂ ಇಲ್ಲದಿದ್ದರೆ ಯೋಚಿಸಬೇಕು.

ನಿಧಿಯಲ್ಲಿ 40,000 ಯೂರೋ ಇದೆ, ಚಾವಣಿ ಮತ್ತು ಹೊರಗೋಡೆಗೆ 3,20,000 ಬೇಕು ಎನ್ನಿ. ಕೊರತೆ 2,80,000. ಸಾವಿರಕ್ಕೆ 62ರಂತೆ ನಿಮ್ಮ ಪಾಲು 17,360 ಯೂರೋ, ಅದನ್ನು ವಿಶೇಷ ವಂತಿಗೆಯೆಂದು ಕೇಳುತ್ತಾರೆ. ಸಭೆ ಅದನ್ನು ಒಪ್ಪಿದಾಗ ಮಾಲೀಕರು ಯಾರಿದ್ದರು ಎಂಬುದು ಲೆಕ್ಕಕ್ಕಿಲ್ಲ. ಕಟ್ಟುವ ಗಡುವು ಬಂದ ದಿನ ಯಾರು ಮಾಲೀಕರೋ ಅವರೇ ಕಟ್ಟಬೇಕು. ಆದ್ದರಿಂದ ಹಿಂದೆಯೇ ಒಪ್ಪಿಗೆಯಾದ ವಂತಿಗೆ ಮಾರುವವರದ್ದೇ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿ.

ಮನೆಯ ಬೆಲೆಯ ಮೇಲೆ ಬೀಳುವ ಖರ್ಚೂ ಸಣ್ಣದಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಖರೀದಿ ತೆರಿಗೆ ಶೇ. 5, ಬವೇರಿಯದಲ್ಲಿ 3.5, ನಾರ್ತ್ ರೈನ್-ವೆಸ್ಟ್‌ಫಾಲಿಯದಲ್ಲಿ 6.5. ನೋಟರಿ ಮತ್ತು ನೋಂದಣಿಗೆ ಸುಮಾರು ಶೇ. 2, ದಲ್ಲಾಳಿಗೆ ಕೊಳ್ಳುವವರ ಪಾಲು ಹೆಚ್ಚಾಗಿ ಶೇ. 3.57. ಮೂರು ಲಕ್ಷ ಯೂರೋ ಮನೆಗೆ ಇವೇ ಸುಮಾರು 31,700 ಆಗುತ್ತವೆ. ಬ್ಯಾಂಕು ಇದಕ್ಕೆ ಸಾಲ ಕೊಡುವುದು ಅಪರೂಪ, ಕೈಯಿಂದಲೇ ಹಾಕಬೇಕು.

ಮಾರುವವರು ಬಿಲ್ಡರ್‌ನಂಥ ವ್ಯಾಪಾರಿಯಾಗಿದ್ದರೆ ಕರಾರಿನ ಕರಡು ಸಹಿಗೆ ಎರಡು ವಾರ ಮೊದಲೇ ಕೈ ಸೇರಬೇಕು. ನೋಟರಿ ಅದನ್ನು ಪೂರ್ತಿ ಗಟ್ಟಿಯಾಗಿ ಓದುತ್ತಾರೆ. ಜರ್ಮನ್ ಸಾಲದಿದ್ದರೆ ದುಭಾಷಿ ಬೇಕು. ಸಹಿಯಾದ ಕೂಡಲೇ ಹಣ ಕೊಡುವುದಿಲ್ಲ. ಮೊದಲು ಭೂ ದಾಖಲೆ ಪುಸ್ತಕವಾದ ಗ್ರುಂಡ್‌ಬೂಖ್‌ನಲ್ಲಿ ನಿಮ್ಮ ಹಕ್ಕಿನ ಮುಂಗಡ ನಮೂದು ಆಗಬೇಕು, ಆಮೇಲೆ ನೋಟರಿಯ ಪತ್ರ ಬಂದಾಗ ಹಣ. ನಮ್ಮ ಇಸಿ ನೋಂದಣಿಯಾದ ವ್ಯವಹಾರಗಳ ಪಟ್ಟಿ ಅಷ್ಟೇ, ಮಾಲೀಕತ್ವಕ್ಕೆ ಖಾತರಿ ಅಲ್ಲ. ಗ್ರುಂಡ್‌ಬೂಖ್‌ನಲ್ಲಿ ಇರುವುದನ್ನು ನಂಬಿ ಕೊಂಡವರನ್ನು ಕಾನೂನೇ ಕಾಪಾಡುತ್ತದೆ.

ಊರಿನಿಂದ ಹಣ ತರುವವರಿಗೆ ಎರಡು ಮಾತು. ಹಾಸನದ ಸೈಟು ಮಾರಿದ ಎನ್‌ಆರ್‌ಐಗೆ ಆ ಹಣ ಎನ್‌ಆರ್‌ಐಗಳ ರೂಪಾಯಿ ಖಾತೆಯಾದ ಎನ್‌ಆರ್‌ಒಗೆ ಬರಬೇಕು; ತೆರಿಗೆ ಕಟ್ಟಿ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. ತಂದೆತಾಯಿ ತಮ್ಮ ಹಣ ಕೊಡುವುದಾದರೆ ಒಬ್ಬೊಬ್ಬರಿಗೂ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಜರ್ಮನಿಯ ಕಡೆ, ತಂದೆ ಅಥವಾ ತಾಯಿ ಮಕ್ಕಳಿಗೆ ಕೊಡುವ ಉಡುಗೊರೆಗೆ ಹತ್ತು ವರ್ಷಕ್ಕೆ ತಲಾ 4 ಲಕ್ಷ ಯೂರೋ ತನಕ ತೆರಿಗೆಯಿಲ್ಲ; ಅಣ್ಣ, ತಂಗಿ ಕೊಟ್ಟರೆ ವಿನಾಯಿತಿ 20,000 ಮಾತ್ರ. ಮೂರು ತಿಂಗಳೊಳಗೆ ತೆರಿಗೆ ಕಚೇರಿಗೆ ತಿಳಿಸಬೇಕು. ಕ್ರಯಪತ್ರ, ಬ್ಯಾಂಕ್ ವಿವರ ಎಲ್ಲವನ್ನೂ ಇಟ್ಟುಕೊಳ್ಳಿ, ಹಣದ ಮೂಲ ಕೇಳುತ್ತಾರೆ.

ಸಕಲೇಶಪುರ, ಮೂಡಿಗೆರೆಯ ತೋಟದ ಮನೆಯವರು ಇದನ್ನೂ ಗಮನಿಸಿ. 2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ರಾಜ್ಯದಲ್ಲಿ ಜಮೀನು ಕೊಳ್ಳಬಹುದು, ನಿಜ. ಆದರೆ ಎನ್‌ಆರ್‌ಐ ಕೃಷಿ ಜಮೀನು, ಕಾಫಿ ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಬಿಡುವುದಿಲ್ಲ; ದಾನವಾಗಿಯೂ ಪಡೆಯುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಸರಿ.

ಮನೆ ಕೈಸೇರಿದ ಮೇಲೆ ವರ್ಷಕ್ಕೊಮ್ಮೆ ಮಾಲೀಕರ ಸಭೆ. ನೋಟಿಸು ಕನಿಷ್ಠ ಮೂರು ವಾರ ಮೊದಲು ಬರುತ್ತದೆ. ಆ ಹೊತ್ತಿಗೆ ಊರಿನಲ್ಲಿದ್ದರೆ ಇಮೇಲಿನಲ್ಲೇ ಬೇರೆಯವರಿಗೆ ಮತದ ಅಧಿಕಾರ ಕೊಡಬಹುದು. ಕಟ್ಟಡದ ನಿಯಮಪತ್ರ ಯಾರಿಗೆ ಕೊಡಬಹುದೆಂದು ಮಿತಿ ಹಾಕಿದೆಯೇ ನೋಡಿಕೊಳ್ಳಿ. ಪ್ರತಿಯೊಂದು ವಿಷಯಕ್ಕೂ ಹೌದು, ಅಲ್ಲ ಎಂದು ಬರೆದೇ ಕಳಿಸಿ. ನಿರ್ಣಯ ತಪ್ಪೆನಿಸಿದರೆ ಕೋರ್ಟಿಗೆ ಹೋಗಲು ಒಂದೇ ತಿಂಗಳ ಕಾಲಾವಕಾಶ, ಅದೂ ನಡಾವಳಿ ಕೈಗೆ ಬಂದ ದಿನದಿಂದಲ್ಲ, ಸಭೆಯಲ್ಲಿ ನಿರ್ಣಯ ಘೋಷಿಸಿದ ದಿನದಿಂದ. ನಿಮ್ಮ ಪರವಾಗಿ ಹೋದವರಿಂದ ಅದೇ ರಾತ್ರಿ ನಿರ್ಣಯಗಳನ್ನು ತಿಳಿದುಕೊಳ್ಳಿ.