ಕಫದ ಡಬ್ಬಿ ತುಂಬುವುದು ಹೇಗೆ?

ನಾನು ಸಿಂಧನೂರು ತಾಲ್ಲೂಕಿನ ಆಶಾ ಕಾರ್ಯಕರ್ತೆ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಡಬ್ಬಿ ಕೊಟ್ಟರೆ ಜಾಸ್ತಿ ಜನ ಸುಮ್ನೆ ಉಗುಳು ತುಂಬಿ ತರುತ್ತಾರೆ. ಅದರಲ್ಲಿ ಟಿಬಿ ಪತ್ತೆಯಾಗುವುದು ಕಷ್ಟ.

ಬೆಳಗ್ಗೆ ಎದ್ದ ಕೂಡಲೇ, ಚಹಾಕ್ಕೂ ಮೊದಲು, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಅಂಗಳಕ್ಕೆ ಬನ್ನಿ, ಮಕ್ಕಳನ್ನು ದೂರ ಕಳಿಸಿ. ಎರಡು ಸಲ ಜೋರಾಗಿ ಉಸಿರೆಳೆದು ಬಿಡಿ, ಮೂರನೇ ಸಲ ಎದೆಯಾಳದಿಂದ ಕೆಮ್ಮಿ. ಅಂಟಂಟಾಗಿ ಬಂದರೆ ಕಫ, ಬರೀ ನೊರೆಯಾದರೆ ಉಗುಳು. ಒಂದು ಚಿಕ್ಕ ಚಮಚದಷ್ಟು ಸಾಕು. ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳ ಅದಲುಬದಲಾಗಬಹುದು, ಅಲ್ವಾ? ಅವತ್ತೇ ತಲುಪಿಸಿ. ನಮ್ಮ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಸುತ್ತಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಟಿಬಿ ಇದ್ದರೆ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಖಾತೆಗೆ ಬರುತ್ತದೆ. ಪಾಸ್‌ಬುಕ್ ತನ್ನಿ.