ಸಹಿ ಬಿದ್ದ ಮೇಲೆ, ಬೀಗದ ಕೈ ಸಿಗುವ ಮೊದಲು: ಒಂಟಾರಿಯೊದಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೆ

ಊರಿನಲ್ಲಿ ಮನೆಯನ್ನೋ ನಿವೇಶನವನ್ನೋ ಕೊಂಡವರಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಳೆದ ಆ ಒಂದು ದಿನ ಚೆನ್ನಾಗಿ ನೆನಪಿರುತ್ತದೆ. ಮಾರುವವರು, ಕೊಳ್ಳುವವರು, ಇಬ್ಬರು ಸಾಕ್ಷಿಗಳು, ಪತ್ರಬರಹಗಾರರು ಎಲ್ಲರೂ ಒಂದೇ ಕಡೆ ಕಾದು ಕುಳಿತು, ಕ್ಯಾಮೆರಾದ ಮುಂದೆ ಮುಖ ತೋರಿಸಿ, ಹೆಬ್ಬೆಟ್ಟು ಒತ್ತಿ ಹೊರಗೆ ಬಂದರೆ ಕ್ರಯ ಮುಗಿದಂತೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅಂಥ ದಿನವೇ ಇಲ್ಲ. ನಿಮ್ಮ ಆಫರ್, ಅಂದರೆ ಇಷ್ಟು ಬೆಲೆಗೆ ಕೊಳ್ಳುತ್ತೇನೆಂಬ ಲಿಖಿತ ಪ್ರಸ್ತಾಪ, ಒಪ್ಪಿಗೆಯಾದ ರಾತ್ರಿಯಿಂದ ಬೀಗದ ಕೈ ಸಿಗುವ ಸಂಜೆಯವರೆಗೆ ಸಾಮಾನ್ಯವಾಗಿ ಮೂವತ್ತರಿಂದ ತೊಂಬತ್ತು ದಿನ ಹಿಡಿಯುತ್ತದೆ, ಮತ್ತು ಅಷ್ಟು ದಿನಗಳಲ್ಲಿ ಮಾರುವವರ ಮುಖವನ್ನು ನೀವು ಒಮ್ಮೆಯೂ ನೋಡದೆ ಇರಬಹುದು. ನಾವು 2019ರಲ್ಲಿ ಮಿಲ್ಟನ್ ಪಟ್ಟಣದಲ್ಲಿ ಒಂದು ಹಳೆಯ ಟೌನ್‌ಹೌಸ್ ಕೊಂಡೆವು. ಆ ಏಳು ವಾರಗಳಲ್ಲಿ ನಾನು ಮಾಡಿದ ತಪ್ಪುಗಳು ಯಾವ ಕನ್ನಡಿಗ ಕುಟುಂಬಕ್ಕೂ ಮರುಕಳಿಸಬಾರದು ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮುಂಗಡದ ವಿಷಯ. ಊರಿನಲ್ಲಿ ಕೊಡುವ ಮುಂಗಡಕ್ಕೂ ಇಲ್ಲಿಯ ಡೆಪಾಸಿಟ್‌ಗೂ ಮೂಲಭೂತವಾದ ವ್ಯತ್ಯಾಸವಿದೆ. ಆಫರ್ ಒಪ್ಪಿಗೆಯಾದ ಇಪ್ಪತ್ನಾಲ್ಕು ಗಂಟೆಯೊಳಗೆ, ಬೆಲೆಯ ಸುಮಾರು ನೂರಕ್ಕೆ ಐದರಷ್ಟನ್ನು ಬ್ಯಾಂಕ್ ಡ್ರಾಫ್ಟ್ ರೂಪದಲ್ಲಿ ಕೊಡುವುದು ರೂಢಿ. ಅದು ಮಾರುವವರ ಕೈಗೆ ಹೋಗದೆ ಅವರ ಬ್ರೋಕರ್ ಸಂಸ್ಥೆಯ ಟ್ರಸ್ಟ್ ಖಾತೆಯಲ್ಲಿ ಉಳಿಯುತ್ತದೆ. ನಮ್ಮ ಮನೆಯ ಬೆಲೆ ಏಳು ಲಕ್ಷ ಡಾಲರ್, ಡೆಪಾಸಿಟ್ 35,000. ಆಫರಿನಲ್ಲಿ ಸಾಲದ ಷರತ್ತು ಮತ್ತು ತಪಾಸಣೆಯ ಷರತ್ತು ಇದ್ದರೆ, ಅವನ್ನು ಪೂರೈಸಲು ಸಾಮಾನ್ಯವಾಗಿ ಐದು ಕೆಲಸದ ದಿನಗಳಿರುತ್ತವೆ. ಆ ಅವಧಿಯಲ್ಲಿ ಹಿಂದೆ ಸರಿದರೆ ಹಣ ವಾಪಸು ಬರುತ್ತದೆ. ಷರತ್ತುಗಳನ್ನು ಬಿಟ್ಟುಕೊಟ್ಟು ಸಹಿ ಹಾಕಿದ ಮೇಲೆ ಮನಸ್ಸು ಬದಲಾಯಿಸಿದರೆ ಡೆಪಾಸಿಟ್ ಹೋಗುವುದಷ್ಟೇ ಅಲ್ಲ, ಮನೆ ಆಮೇಲೆ ಕಡಿಮೆ ಬೆಲೆಗೆ ಮಾರಾಟವಾದರೆ ಆ ನಷ್ಟವನ್ನೂ ತುಂಬಿಕೊಡಿ ಎಂದು ಮಾರಿದವರು ನ್ಯಾಯಾಲಯಕ್ಕೆ ಹೋಗಬಹುದು. ದೊಡ್ಡವರನ್ನು ಕೂರಿಸಿ ಮಾತಾಡಿ ಬಗೆಹರಿಸಿಕೊಳ್ಳೋಣ ಎಂಬ ನಮ್ಮ ಊರಿನ ದಾರಿ ಇಲ್ಲಿ ತೆರೆದಿರುವುದಿಲ್ಲ.

ತಪಾಸಣೆಯ ದಿನ ನೀವೂ ಇನ್‌ಸ್ಪೆಕ್ಟರ್ ಜೊತೆಯಲ್ಲಿ ಓಡಾಡಿ. ನಾವು ದಿಕ್ಕು ನೋಡುತ್ತೇವೆ, ದೇವರ ಮನೆಗೆ ಜಾಗ ನೋಡುತ್ತೇವೆ, ಅಡುಗೆಮನೆಯ ಒಲೆ ಯಾವ ಕಡೆ ಮುಖ ಮಾಡಿದೆ ಎಂದು ನೋಡುತ್ತೇವೆ. ಚಾವಣಿಯ ಶಿಂಗಲ್ ಹೊದಿಕೆ, ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ವಯಸ್ಸು, ಅಡಿಪಾಯದ ಪಕ್ಕದ ಮಣ್ಣು ಮನೆಯ ಕಡೆಗೆ ಇಳಿಜಾರಾಗಿದೆಯೋ ಹೊರಗಡೆಗೋ ಎಂಬುದನ್ನು ನೋಡುವ ಅಭ್ಯಾಸ ನಮಗಿಲ್ಲ. ಹಿಮ ಕರಗಿದ ನೀರು ನೆಲಮಾಳಿಗೆಗೆ ಇಳಿಯುವ ಊರಿನಲ್ಲಿ ಅದೇ ಮುಖ್ಯ.

ಇನ್ನು ಬ್ಯಾಂಕು. ಆಫರಿಗೆ ಮೊದಲು ಸಿಕ್ಕ ಪೂರ್ವಾನುಮೋದನೆಯನ್ನೇ ಸಾಲ ಮಂಜೂರಾತಿ ಎಂದು ತಿಳಿಯಬೇಡಿ. ಬ್ಯಾಂಕು ಮನೆಯ ಮೌಲ್ಯಮಾಪನ ಮಾಡಿಸುತ್ತದೆ, ಆ ಮೌಲ್ಯ ನೀವು ಒಪ್ಪಿದ ಬೆಲೆಗಿಂತ ಕಡಿಮೆ ಬಂದರೆ ನಡುವಿನ ಅಂತರವನ್ನು ನಿಮ್ಮ ಜೇಬಿನಿಂದಲೇ ತುಂಬಬೇಕು. ನಮ್ಮ ಪರಿಚಯದ ಒಂದು ಕುಟುಂಬ 2022ರ ಫೆಬ್ರವರಿಯಲ್ಲಿ, ಬೆಲೆಗಳು ತುತ್ತತುದಿಯಲ್ಲಿದ್ದಾಗ, ಯಾವ ಷರತ್ತೂ ಇಲ್ಲದೆ ಮನೆ ಒಪ್ಪಿಕೊಂಡಿತು. ಆ ಮಾರ್ಚ್‌ನಲ್ಲಿ ಏರತೊಡಗಿದ ಬ್ಯಾಂಕ್ ಆಫ್ ಕೆನಡಾದ ಬಡ್ಡಿದರ 0.25ರಿಂದ ಮುಂದಿನ ವರ್ಷದ ಜುಲೈ ಹೊತ್ತಿಗೆ ನೂರಕ್ಕೆ 5ಕ್ಕೆ ಮುಟ್ಟಿದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಅವರ ಕ್ಲೋಸಿಂಗ್, ಅಂದರೆ ಹಣ ಕೊಟ್ಟು ಮನೆ ವಹಿಸಿಕೊಳ್ಳುವ ದಿನ, ಜೂನ್‌ನಲ್ಲಿತ್ತು. ಅಷ್ಟರಲ್ಲಿ ಮೌಲ್ಯ ಇಳಿದಿತ್ತು, ಮತ್ತು ಆ ಅಂತರ ತುಂಬಲು ಆ ಗೃಹಿಣಿಯ ತಂದೆ ಹಾಸನದಲ್ಲಿದ್ದ ನಿವೇಶನವನ್ನು ಮಾರಿದರು. ಆದ್ದರಿಂದಲೇ ಹೇಳುತ್ತೇನೆ: ಈ ವಾರಗಳಲ್ಲಿ ಕೆಲಸ ಬದಲಾಯಿಸಬೇಡಿ, ಕಾರಿಗೆ ಸಾಲ ಮಾಡಬೇಡಿ, ಹೊಸ ಮನೆಗೆಂದು ಕಂತಿನಲ್ಲಿ ಸೋಫಾ ತರಬೇಡಿ. ಹಣ ಬಿಡುಗಡೆ ಮಾಡುವ ಮೊದಲು ಬ್ಯಾಂಕು ನಿಮ್ಮ ಸಾಲದ ಇತಿಹಾಸವನ್ನು ಮತ್ತೊಮ್ಮೆ ನೋಡಬಹುದು.

ಭಾರತದಿಂದ ಹಣ ತರುವವರು ಇನ್ನೂ ಮುಂಚೆ ಎದ್ದೇಳಬೇಕು. ಕೈಯಿಂದ ಹಾಕುವ ಹಣದ ತೊಂಬತ್ತು ದಿನಗಳ ಲೆಕ್ಕವನ್ನು ಇಲ್ಲಿಯ ಬ್ಯಾಂಕು ಕೇಳುತ್ತದೆ. ತಂದೆ ತಾಯಿ ಕೊಟ್ಟದ್ದಾದರೆ, ಇದು ಸಾಲವಲ್ಲ ಉಡುಗೊರೆ ಎಂಬ ಅವರ ಸಹಿಯ ಪತ್ರ ಬೇಕು. ಅನಿವಾಸಿಗಳು ಭಾರತದಲ್ಲಿ ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆಯಿಂದ ಹಣ ಹೊರಗೆ ಕಳಿಸಲು ಸಾಮಾನ್ಯವಾಗಿ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ನನ್ನ ಹಣ ಬರಲು ಮೂರು ವಾರ ಹಿಡಿಯಿತು. ಸ್ನೇಹಿತರಿಂದ ಕೈಗಡ ತಂದು ಖಾತೆಗೆ ಹಾಕಿ ತೋರಿಸುವ ಅಭ್ಯಾಸವನ್ನು ದಯವಿಟ್ಟು ಇಲ್ಲಿ ಬಿಟ್ಟುಬಿಡಿ.

ಪಿಆರ್, ಅಂದರೆ ಕಾಯಂ ನಿವಾಸದ ಹಕ್ಕು, ಇನ್ನೂ ಸಿಗದವರು ಆಫರಿಗೂ ಮೊದಲೇ ವಕೀಲರನ್ನು ಕಾಣಬೇಕು. ಒಂಟಾರಿಯೊದಲ್ಲಿ 2022ರ ಅಕ್ಟೋಬರ್ 25ರಿಂದ ವಿದೇಶಿಯರು ಕೊಳ್ಳುವ ಮನೆಯ ಮೇಲೆ ನೂರಕ್ಕೆ 25ರ ತೆರಿಗೆಯಿದೆ, ಮತ್ತು 2023ರ ಜನವರಿ 1ರಂದು ಜಾರಿಗೆ ಬಂದ, ವಿದೇಶಿಯರು ಮನೆ ಕೊಳ್ಳಬಾರದೆಂಬ ಕೇಂದ್ರ ಸರ್ಕಾರದ ನಿಷೇಧ 2027ರ ಜನವರಿ 1ರವರೆಗೆ ವಿಸ್ತರಣೆಯಾಗಿದೆ. ವರ್ಕ್ ಪರ್ಮಿಟ್ ಇರುವವರಿಗೆ ಅದರಲ್ಲಿ ಕೆಲವು ವಿನಾಯಿತಿಗಳಿವೆ.

ಈಗ ನನ್ನನ್ನು ಇಂದಿಗೂ ಕಾಡುವ ತಪ್ಪಿನ ವಿಷಯ. ಇಲ್ಲಿ ಮನೆ ಕೊಂಡಾಗ ಕಟ್ಟುವ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸ್ ನಮ್ಮ ಮುದ್ರಾಂಕ ಶುಲ್ಕದ ತಮ್ಮನಿದ್ದಂತೆ. ಏಳು ಲಕ್ಷದ ಮನೆಗೆ ಅದು 10,475 ಡಾಲರ್. ಟೊರೊಂಟೊ ನಗರದೊಳಗೆ ಕೊಳ್ಳುವವರು ನಗರಕ್ಕೂ ಪ್ರತ್ಯೇಕವಾಗಿ ಕಟ್ಟಬೇಕು. ಮೊದಲ ಸಲ ಮನೆ ಕೊಳ್ಳುವ ನಾಗರಿಕರಿಗೂ ಪಿಆರ್ ಪಡೆದವರಿಗೂ ಪ್ರಾಂತ್ಯ 4,000 ಡಾಲರ್‌ವರೆಗೆ ವಿನಾಯಿತಿ ಕೊಡುತ್ತದೆ. ಕೆನಡಾದಲ್ಲಿ ಇದೇ ನಮ್ಮ ಮೊದಲ ಮನೆ ಎಂದು ನಾನು ಆ 4,000 ಡಾಲರನ್ನು ಲೆಕ್ಕದಿಂದ ಕಳೆದುಬಿಟ್ಟಿದ್ದೆ.

ಜೂನ್ 25ರ ಮಂಗಳವಾರ ಸಂಜೆ ವಕೀಲರ ಕಚೇರಿಯಲ್ಲಿ ಸಹಿ ಹಾಕಲು ಕುಳಿತೆವು. ಸಹಾಯಕಿ ಒಂದೊಂದೇ ಹಾಳೆ ತಿರುಗಿಸುತ್ತ, ಒಂದು ಸಾಲಿನ ಮೇಲೆ ಪೆನ್ಸಿಲಿನ ತುದಿ ಇಟ್ಟು, ಜಗತ್ತಿನ ಯಾವ ಭಾಗದಲ್ಲಾದರೂ, ಯಾವಾಗಲಾದರೂ ನಿಮ್ಮ ಹೆಸರಿನಲ್ಲಿ ಮನೆ ಅಥವಾ ಮನೆಯ ಪಾಲು ಇತ್ತೇ ಎಂದು ಕೇಳಿದರು. ನನಗೆ ಮೈಸೂರಿನ ಕುವೆಂಪುನಗರದ ಮನೆ ನೆನಪಾಯಿತು. ನಾನು ಕೆನಡಾಕ್ಕೆ ಹೊರಟ ವರ್ಷ ಅಪ್ಪ ಅದನ್ನು ದಾನಪತ್ರದ ಮೂಲಕ ನನ್ನ ಮತ್ತು ತಮ್ಮನ ಹೆಸರಿಗೆ ಬರೆದಿದ್ದರು. ಎಷ್ಟು ದೂರ ಹೋದರೂ ನಿನಗೊಂದು ಬಾಗಿಲು ಇಲ್ಲಿರಲಿ ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ದಾನವಾಗಿ ಬಂದದ್ದೂ, ಪಿತ್ರಾರ್ಜಿತವಾಗಿ ಬಂದದ್ದೂ ಈ ಕಾನೂನಿಗೆ ಒಡೆತನವೇ. ಮದುವೆಯಾದ ಮೇಲೂ ಆ ಪಾಲು ನನ್ನ ಹೆಸರಿನಲ್ಲಿ ಇದ್ದುದರಿಂದ, ತನ್ನ ಹೆಸರಿನಲ್ಲಿ ಏನೂ ಇಲ್ಲದ ನನ್ನ ಹೆಂಡತಿಗೂ ವಿನಾಯಿತಿ ಸಿಗಲಿಲ್ಲ. ಇಲ್ಲ ಎಂದು ಸಹಿ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಆಮೇಲೆ ಇಬ್ಬರು ಮೂವರು ನನ್ನನ್ನು ಕೇಳಿದ್ದುಂಟು. ಅದು ಪ್ರಮಾಣ ಮಾಡಿ ಹೇಳುವ ಮಾತು. ಹೊಸ ನೆಲದಲ್ಲಿ ಕಾಲೂರುವ ಮನೆಗೆ ಸುಳ್ಳು ಪ್ರಮಾಣದ ತಳಪಾಯ ಬೇಡ. ಆರ್‌ಆರ್‌ಎಸ್‌ಪಿ ಎಂಬ ನಿವೃತ್ತಿ ಉಳಿತಾಯ ಖಾತೆಯಿಂದ ಮನೆಗೆಂದು ಹಣ ತೆಗೆಯುವ ಯೋಜನೆಯಲ್ಲಿ ಮೊದಲ ಸಲ ಕೊಳ್ಳುವವರು ಎಂಬ ಮಾತಿನ ಅರ್ಥವೇ ಬೇರೆ: ಅಲ್ಲಿ ಈಚಿನ ನಾಲ್ಕು ವರ್ಷಗಳಲ್ಲಿ ಸ್ವಂತ ಮನೆಯಲ್ಲಿ ವಾಸವಿದ್ದಿರೋ ಇಲ್ಲವೋ ಎಂಬುದನ್ನು ನೋಡುತ್ತಾರೆ. ಒಂದೇ ಪದ ಎರಡು ಕಾನೂನುಗಳಲ್ಲಿ ಎರಡು ಅರ್ಥ ಕೊಡುವುದನ್ನು ನಾನು ತಡವಾಗಿ ಕಲಿತೆ.

ಕ್ಲೋಸಿಂಗ್‌ಗೆ ಮೂರು ದಿನ ಉಳಿದಾಗ 4,000 ಡಾಲರ್ ಕಡಿಮೆ ಬಿತ್ತು. ಗೃಹಪ್ರವೇಶಕ್ಕೆ ಅಪ್ಪ ಅಮ್ಮನನ್ನು ಕರೆಸಲು ತೆಗೆದಿಟ್ಟಿದ್ದ ಹಣ ಆ ಹಳ್ಳ ತುಂಬಿತು. ಅವರು ಮುಂದಿನ ವರ್ಷ ಬರುವುದೆಂದಾಯಿತು, ಮುಂದಿನ ವರ್ಷ ಕೋವಿಡ್ ಬಂದು ವಿಮಾನಗಳೇ ನಿಂತವು. ಕಾರಣವನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಊರಿನಲ್ಲಿ ನಿಮ್ಮ ಹೆಸರು ಯಾವ ಖಾತೆಯಲ್ಲಿ, ಯಾವ ದಾನಪತ್ರದಲ್ಲಿ, ಯಾವ ವಿಭಾಗಪತ್ರದಲ್ಲಿ ಇದೆ ಎಂಬುದನ್ನು ಆಫರ್ ಹಾಕುವ ಮೊದಲೇ ಮನೆಯವರನ್ನು ಕೇಳಿ ತಿಳಿದು, ವಕೀಲರಿಗೆ ಮೊದಲ ಭೇಟಿಯಲ್ಲೇ ಹೇಳಿ.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ: ನಮ್ಮ ಇನಿಷಿಯಲ್‌ಗಳು ಪಾಸ್‌ಪೋರ್ಟಿನಲ್ಲಿ ಒಂದು ಬಗೆಯಾಗಿ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಬಗೆಯಾಗಿ ಬಿಡಿಸಿಕೊಂಡಿರುತ್ತವೆ. ಆಫರಿನಲ್ಲಿ ಬರೆಯುವ ಹೆಸರು ಗುರುತಿನ ಚೀಟಿಗಳಲ್ಲಿ ಇರುವಂತೆಯೇ ಇರಲಿ. ಹಕ್ಕುಪತ್ರದ ಶೋಧನೆ, ಅಂದರೆ ನಮ್ಮ ಇ.ಸಿ. ತೆಗೆಸುವ ಕೆಲಸ, ಹಕ್ಕಿನ ದೋಷಗಳಿಂದ ರಕ್ಷಿಸುವ ಟೈಟಲ್ ವಿಮೆ, ಮಾರಿದವರು ಮುಂಗಡವಾಗಿ ಕಟ್ಟಿದ ಕಂದಾಯವನ್ನು ದಿನದ ಲೆಕ್ಕದಲ್ಲಿ ಹಂಚುವುದು ಇವೆಲ್ಲ ವಕೀಲರ ಪಾಲಿನವು. ಗೃಹವಿಮೆ, ವಿದ್ಯುತ್ತು, ಗ್ಯಾಸು ನಿಮ್ಮ ಪಾಲಿನವು. ವಿಮೆಯ ಪತ್ರ ಕೈಸೇರದೆ ಬ್ಯಾಂಕು ಹಣ ಬಿಡುವುದಿಲ್ಲ.

ಒಪ್ಪಂದದಲ್ಲಿ ಬಾಡಿಗೆಯ ಉಪಕರಣಗಳನ್ನು ಪಟ್ಟಿ ಮಾಡುವ ಒಂದು ಸಾಲಿರುತ್ತದೆ. ನಾನು ಅದನ್ನು ಓದದೆ ಸಹಿ ಹಾಕಿದೆ. ಮನೆಯ ಗೀಸರ್ ಬಾಡಿಗೆಯದಾಗಿರಬಹುದು ಎಂಬ ಕಲ್ಪನೆ ಮೈಸೂರಿನಲ್ಲಿ ಬೆಳೆದವನಿಗೆ ಎಲ್ಲಿಂದ ಬರಬೇಕು? ನೆಲಮಾಳಿಗೆಯ ನೀರು ಕಾಯಿಸುವ ತೊಟ್ಟಿಯ ಮೇಲೆ ಒಂದು ಹಳದಿ ಚೀಟಿ ಅಂಟಿತ್ತು, ಕ್ಲೋಸಿಂಗ್‌ಗೆ ಮೊದಲಿನ ಭೇಟಿಯಲ್ಲಿ ಅದನ್ನು ನೋಡಿಯೂ ನೋಡದಂತೆ ಬಂದೆ. ವರ್ಷವರ್ಷವೂ ಏರುವ ಬಾಡಿಗೆಯ ಕರಾರು ಹೀಗೆ ನನ್ನ ಹೆಗಲಿಗೆ ಬಂತು, ಬಿಡಿಸಿಕೊಳ್ಳಲು ಕೇಳಿದ ಹಣದಲ್ಲಿ ಹೊಸ ತೊಟ್ಟಿಯನ್ನೇ ಕೊಳ್ಳಬಹುದಿತ್ತು. ಇಂಥ ಉಪಕರಣಗಳ ಹೆಸರಿನಲ್ಲಿ ಬಾಡಿಗೆ ಕಂಪನಿಗಳು ಮನೆಯ ಹಕ್ಕಿನ ಮೇಲೆ ನೋಟಿಸ್ ದಾಖಲಿಸುವುದನ್ನು ಒಂಟಾರಿಯೊ 2024ರಲ್ಲಿ ನಿಲ್ಲಿಸಿತು. ಕರಾರುಗಳು ಮಾತ್ರ ಉಳಿದಿವೆ. ಕೊನೆಯ ಭೇಟಿಗೆ ಹೋದಾಗ ಬಣ್ಣ, ಪರದೆಗಳ ಬಗ್ಗೆ ಮಾತಾಡುವ ಮೊದಲು ನೆಲಮಾಳಿಗೆಗೆ ಇಳಿದು, ಪ್ರತಿ ಯಂತ್ರದ ಮೇಲಿನ ಚೀಟಿಯನ್ನು ಓದಿ.

ಕೊನೆಗೆ ದಿನಾಂಕ. ಆ ವರ್ಷ ಆಷಾಢ ಜುಲೈ 3ಕ್ಕೆ ಹಿಡಿಯುತ್ತಿತ್ತು. ಅದಕ್ಕೆ ಮೊದಲೇ ಹಾಲುಕ್ಕಿಸಬೇಕೆಂದು ನಾನು ಹಟ ಹಿಡಿದು ಜೂನ್ 28ರ ಶುಕ್ರವಾರವನ್ನು ಕೇಳಿ ಪಡೆದೆ. ಅದು ತಿಂಗಳ ಕೊನೆಯ ಶುಕ್ರವಾರ, ಹಿಂದೆಯೇ ಕೆನಡಾ ಡೇ ರಜೆ. ವಕೀಲರಿಗೂ ಸಾಮಾನು ಸಾಗಿಸುವವರಿಗೂ ವರ್ಷದಲ್ಲೇ ಹೆಚ್ಚು ಒತ್ತಡದ ದಿನಗಳಲ್ಲಿ ಒಂದು ಎಂಬುದನ್ನು ಯಾರನ್ನೂ ಕೇಳಿರಲಿಲ್ಲ. ಮೈಸೂರಿನ ಪುರೋಹಿತರು ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಮುಹೂರ್ತ ಕೊಟ್ಟಿದ್ದರು. ಒಪ್ಪಂದದಲ್ಲಿ ಇದ್ದದ್ದು ಸಂಜೆ ಆರರೊಳಗೆ ಎಂಬ ಮಾತು. ಬ್ಯಾಂಕಿನ ಹಣ ನಮ್ಮ ವಕೀಲರಿಗೆ, ಅಲ್ಲಿಂದ ಮಾರುವವರ ವಕೀಲರಿಗೆ ಹೋಗಿ, ಕಂಪ್ಯೂಟರಿನಲ್ಲಿ ನೋಂದಣಿಯಾದ ಮೇಲಷ್ಟೇ ಬೀಗದ ಕೈ ಬಿಡುಗಡೆಯಾಗುತ್ತದೆ. ಬಾಡಿಗೆ ಮನೆಯನ್ನು ಬೆಳಿಗ್ಗೆಯೇ ಖಾಲಿ ಮಾಡಿದ್ದೆವು. ಸಾಮಾನು ತುಂಬಿದ ಲಾರಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರಿಸುತ್ತ ಒಂದು ಅಂಗಡಿಯ ಮುಂದೆ ನಿಂತಿತ್ತು, ಐದು ವರ್ಷದ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ದೇವರ ಪಟವನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆಹೋದಳು. ಅಂದು ಆಗದಿದ್ದರೆ ಮುಂದಿನ ಕೆಲಸದ ದಿನ ಮಂಗಳವಾರ, ಜುಲೈ 2. ಅಂದು ಅಮಾವಾಸ್ಯೆ, ಜೊತೆಗೆ ಸೂರ್ಯಗ್ರಹಣ.

ವಕೀಲರ ಫೋನು ಬಂದಾಗ ಐದು ಗಂಟೆ ಹತ್ತು ನಿಮಿಷ. ಮೈಸೂರಿನಲ್ಲಿ ಆಗ ನಡುರಾತ್ರಿ ದಾಟಿತ್ತು, ಅಮ್ಮ ಎದ್ದೇ ಇದ್ದರು. ಪುರೋಹಿತರನ್ನು ಎಬ್ಬಿಸಲಿಲ್ಲ, ಗೋಧೂಳಿಗೆ ದೋಷವಿಲ್ಲ ಎಂದು ಅಮ್ಮನೇ ಹೇಳಿದರು. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ, ಹಾಗಾಗಿ ಸಮಯವಿತ್ತು. ನೀವು ತಿಂಗಳ ನಡುವಿನ, ವಾರದ ನಡುವಿನ ದಿನವನ್ನು ಕೇಳಿ. ಬಾಡಿಗೆ ಮನೆಯನ್ನು ಇನ್ನೊಂದು ವಾರ ಕೈಯಲ್ಲಿ ಇಟ್ಟುಕೊಳ್ಳಿ. ಆ ಒಂದು ವಾರದ ಬಾಡಿಗೆ ದುಂದಲ್ಲ. ಮುಹೂರ್ತವನ್ನು ಬೀಗದ ಕೈ ಬಂದ ಮೇಲಿನ ದಿನಕ್ಕೆ ಇಡಿಸಿ.

ಮೊದಲ ಸಂಜೆಗೆ ಒಂದು ಚೀಲ ಬೇರೆಯಾಗಿರಲಿ: ಹಾಲು, ಹೊಸ ಪಾತ್ರೆ, ದೀಪ, ಬೆಂಕಿಪೊಟ್ಟಣ, ಎರಡು ಬಲ್ಬು, ಸ್ಕ್ರೂಡ್ರೈವರು, ಶೌಚಕ್ಕೆ ಕಾಗದ. ಒಳಗೆ ಹೋದೊಡನೆ ಮೀಟರುಗಳ ಫೋಟೋ ತೆಗೆದು, ಬೀಗಗಳನ್ನು ಆ ವಾರವೇ ಬದಲಾಯಿಸಿ. ಅರಿಸಿನ ಕುಂಕುಮವನ್ನಂತೂ ಮರೆಯದೆ ಒಯ್ಯುತ್ತೀರಿ. ಕುವೆಂಪುನಗರದ ಮನೆಯ ಹೊಸ್ತಿಲು ಹೊನ್ನೆಯ ಮರದ್ದು, ಅಮ್ಮ ಹಚ್ಚಿದ ಅರಿಸಿನ ವರ್ಷಗಳ ಕಾಲ ಅದರೊಳಗೆ ಇಂಗಿ ಹೋಗಿದೆ. ಇಲ್ಲಿ ಬಾಗಿಲ ಕೆಳಗೆ ಇರುವುದು ಎರಡು ಬೆರಳಗಲದ ಅಲ್ಯೂಮಿನಿಯಂ ಪಟ್ಟಿ. ನನ್ನ ಹೆಂಡತಿ ಕಲಸಿದ ಅರಿಸಿನ ಅದರ ಮೇಲೆ ನಿಲ್ಲದೆ ಜಾರಿತು. ಅವಳು ನೀರು ಕಡಿಮೆ ಮಾಡಿ, ಗಟ್ಟಿಯಾಗಿ ಇನ್ನೊಮ್ಮೆ ಕಲಸಿ ಹಚ್ಚಿದಳು. ಒಣಗುವವರೆಗೆ ಯಾರೂ ದಾಟಬಾರದೆಂದು ಮಗಳು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಕಾದಳು.